ಎತ್ತಿಡಬಹುದಾದ ಕಲ್ಲಿನ ಅಂಗಳ: ಪುಣೆಯ ಟೆರೇಸಿಗೆ, ಹಿತ್ತಲಿಗೆ

ಪುಣೆಯಲ್ಲಿ ಫ್ಲ್ಯಾಟು ನೋಡಲು ಹೋದವರಿಗೆ ಬಿಲ್ಡರು ಹೆಮ್ಮೆಯಿಂದ ತೋರಿಸುವುದು ಹಾಲಿಗೆ ಅಂಟಿಕೊಂಡ ಟೆರೇಸನ್ನು. ಹತ್ತಡಿ ಹನ್ನೆರಡಡಿಯ ತೆರೆದ ಜಾಗ, ಸಂಜೆಯ ಗಾಳಿ, ಬಾಣೇರಿನ ಕಡೆಯಾದರೆ ದೂರದಲ್ಲೊಂದು ಗುಡ್ಡ. ಮನೆ ಕೊಂಡ ಮೇಲೆ ಅಲ್ಲಿ ಬಟ್ಟೆ ಒಣಗುತ್ತವೆ, ಮಕ್ಕಳ ಹಳೆಯ ಸೈಕಲ್ಲು ತುಕ್ಕು ಹಿಡಿಯುತ್ತದೆ. ಕೊನೆಗೊಮ್ಮೆ ಕೂರಲು ಚೆಂದದ ಜಾಗ ಮಾಡಿಕೊಳ್ಳೋಣ ಎಂದು ಗೌಂಡಿಯನ್ನು ಕರೆಸಿ, ಇದ್ದ ನೆಲದ ಮೇಲೆಯೇ ಸಿಮೆಂಟು ಕಲಸಿ ಫರಸಿ ಕೂರಿಸುತ್ತಾರೆ. ಒಂದೆರಡು ಮಳೆಗಾಲ ಏನೂ ಆಗುವುದಿಲ್ಲ. ಆಮೇಲೆ ಕೆಳಗಿನ ಮನೆಯವರು ತಮ್ಮ ಸೀಲಿಂಗಿನ ಹಸಿ ಕಲೆ ತೋರಿಸಲು ಬಾಗಿಲು ತಟ್ಟುತ್ತಾರೆ. ಸೋರುವುದು ಎಲ್ಲಿಂದ ಎಂದು ಹುಡುಕಬೇಕಾದರೆ ಹಾಕಿದ ಕಲ್ಲನ್ನೆಲ್ಲ ಒಡೆಯಬೇಕು. ಒಡೆಯುವ ಏಟಿಗೆ ಉಳಿದ ವಾಟರ್‌ಪ್ರೂಫಿಂಗೂ ಬಿರುಕು ಬಿಡುತ್ತದೆ.

ಟೆರೇಸಿನಲ್ಲಾಗಲಿ ರೋ ಹೌಸಿನ ಹಿತ್ತಲಲ್ಲಾಗಲಿ ಕಲ್ಲು ಹಾಸಿ, ನಡುವೆ ಮರದ ಡೆಕ್ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಯಾವ ಕಲ್ಲನ್ನೂ ಸಿಮೆಂಟಿನಲ್ಲಿ ಹೂಳಬೇಡಿ. ಬಿಡಿ ಬಿಡಿ ತುಂಡುಗಳಾಗಿ ಮಾಡಿ, ಯಾವ ತುಂಡನ್ನು ಬೇಕಾದರೂ ಇಬ್ಬರು ಸೇರಿ ಎತ್ತಿ ಪಕ್ಕಕ್ಕಿಡುವ ಹಾಗಿರಲಿ. ಮಾಡ್ಯುಲರ್ ಡೆಕ್ ಎಂದರೆ ಇದೇ. ಇದಕ್ಕೆ ಬೇಕಾದ ಸಾಮಾನೆಲ್ಲ ಪುಣೆಯಲ್ಲೇ ಸಿಗುತ್ತದೆ. ಕಲ್ಲು ಮಾತ್ರ ನಮ್ಮ ಕಲಬುರಗಿ ಜಿಲ್ಲೆಯಿಂದ ಬಂದದ್ದಾದರೆ ಒಳ್ಳೆಯದು.

ಯಾವ ಕಲ್ಲು

ಪುಣೆಯ ಹಳೆಯ ಮನೆಗಳ ಅಂಗಳ, ಮೆಟ್ಟಿಲು, ಊರಿನ ಹಳೆಯ ಫುಟ್‌ಪಾತುಗಳನ್ನು ಗಮನಿಸಿದರೆ ನಸು ಬೂದು ಬಣ್ಣದ, ಸವೆದು ನುಣುಪಾದ ಚಪ್ಪಡಿಗಳು ಕಾಣುತ್ತವೆ. ಇಲ್ಲಿನವರು ಅದನ್ನು ಶಹಾಬಾದಿ ಫರಶಿ ಎನ್ನುತ್ತಾರೆ. ಶಹಾಬಾದ್ ಇರುವುದು ಕಲಬುರಗಿಯ ಆಚೆ, ವಾಡಿಗಿಂತ ಮೊದಲು, ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲೆ; ಪುಣೆಯಿಂದ ಸುಮಾರು 400 ಕಿಲೋಮೀಟರು. ಭೀಮಾ ಕಣಿವೆಯಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಪದರ ಪದರವಾಗಿ ಕೂತ ಸುಣ್ಣಕಲ್ಲು ಇದು. ಪದರದ ಗುಂಟ ಉಳಿ ಇಟ್ಟು ಹೊಡೆದರೆ ತಾನಾಗಿ ಚಪ್ಪಟೆಯಾಗಿ ಬಿಡಿಸಿಕೊಳ್ಳುತ್ತದೆ. ಚಿತ್ತಾಪುರ, ಸೇಡಂ ಕಡೆಯ ಗಣಿಗಳಲ್ಲೂ ಇದೇ ಕಲ್ಲು. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇದೇ ಸುಣ್ಣಕಲ್ಲಿನ ಸೀಮೆಯಲ್ಲಿದೆ. ಪುಣೆಯ ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ ಗುಹೆಯೂ ರಾಷ್ಟ್ರಕೂಟರ ಕಾಲದ್ದೇ, ಆದರೆ ಅದನ್ನು ಕೊರೆದದ್ದು ಇಲ್ಲಿನ ಕರಿಕಲ್ಲಿನಲ್ಲಿ. ಆ ಬಸಾಲ್ಟ್ ಗಟ್ಟಿ ನಿಜ, ಆದರೆ ಪದರ ಬಿಡುವುದಿಲ್ಲ. ತೆಳ್ಳನೆಯ ಚಪ್ಪಡಿ ಮಾಡಬೇಕೆಂದರೆ ಗರಗಸದಲ್ಲೇ ಸೀಳಬೇಕು, ಖರ್ಚು ಏರುತ್ತದೆ.

ಅಂಗಡಿಯಲ್ಲಿ ತಾಂಡೂರು, ಕಡಪ, ಕೋಟಾ ಕಲ್ಲುಗಳನ್ನೂ ತೋರಿಸುತ್ತಾರೆ. ಕಡಪದ ಕರಿ ಕಲ್ಲು ಅಡುಗೆಮನೆಯ ಕಟ್ಟೆಗೆ ಸರಿ, ಬಿಸಿಲಿಗೆ ಸಲ್ಲ. ಏಪ್ರಿಲಿನಲ್ಲಿ ಪುಣೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕರಿ ಕಲ್ಲಿನ ಮೇಲೆ ಮಧ್ಯಾಹ್ನ ಬರಿಗಾಲಿಡಲಾಗದು. ತಾಂಡೂರಿನ ಹಳದಿ ಕಲ್ಲು ಕಡಿಮೆ ಕಾಯುತ್ತದೆ. ಕೋಟಾ ಚೆಲುವೇ, ಆದರೆ ಪಾಲಿಶ್ ಮಾಡಿದ್ದು ಮಳೆಯಲ್ಲಿ ಜಾರುತ್ತದೆ. ಹೊರಗೆ ಹಾಸುವ ಕಲ್ಲು ಯಾವುದೇ ಇರಲಿ, ಪಾಲಿಶ್ ಇಲ್ಲದ ಒರಟು ಮೈಯದ್ದನ್ನೇ ಕೇಳಿ. ಅಂಚು ಮಾತ್ರ ಮಶಿನ್ ಕಟ್ ಇರಲಿ; ಕೈಯಲ್ಲಿ ಒಡೆದ ಅಂಚು ಒಂದಕ್ಕೊಂದು ಕೂಡುವುದಿಲ್ಲ, ಬಿಡಿ ತುಂಡುಗಳ ಕೆಲಸಕ್ಕೆ ಅಳತೆ ಕರಾರುವಾಕ್ಕಾಗಿರಬೇಕು.

ಶಹಾಬಾದಿ ಕಲ್ಲಿಗೆ ಒಂದೇ ದೋಷ. ಚಪ್ಪಡಿಯಾಗಿ ಬಿಡಿಸಿಕೊಳ್ಳುವ ಅದೇ ಗುಣದಿಂದ ಕೆಲವು ಕಲ್ಲುಗಳ ಒಳಗೆ ಮೊದಲೇ ಸೀಳು ಇರುತ್ತದೆ. ನೀರು ಅದರೊಳಗೆ ಹೊಕ್ಕು, ಬಿಸಿಲಿಗೆ ಕಾದು, ವರ್ಷ ಕಳೆಯುವುದರೊಳಗೆ ಮೇಲಿನ ಪದರ ಹಪ್ಪಳದ ಹಾಗೆ ಏಳುತ್ತದೆ. ಆದ್ದರಿಂದ ಕಲ್ಲನ್ನು ಒಂದೊಂದಾಗಿ ನಿಲ್ಲಿಸಿ ಪರೀಕ್ಷಿಸಿ. ಪುಣೆಯ ಕಟ್ಟಡಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕೆಲಸಗಾರರು ಬಹಳ. ಚಿತ್ತಾಪುರ ಕಡೆಯ ಗೌಂಡಿಯೊಬ್ಬರು ಕಲ್ಲನ್ನು ಒಂದು ಅಂಚಿನ ಮೇಲೆ ನಿಲ್ಲಿಸಿ, ಸುತ್ತಿಗೆಯ ಹಿಡಿಯಿಂದ ನಡುವೆ ತಟ್ಟಿ ತೋರಿಸಿದರು: “ಠಣ್ ಅಂದ್ರ ತೊಗೋರಿ ಸಾಹೇಬ್ರ. ಬುದ್ ಅಂದ್ರ ಒಳಗ ಸೀಳ್ಯದ ಅಂತ ತಿಳ್ಕೊಂಡು ಬಾಜೂಕ್ಕ ಇಡ್ರಿ.” ಅಂಚಿಗೆ ಒಂದಿಷ್ಟು ನೀರು ಸವರಿಯೂ ನೋಡಬಹುದು. ಕಲ್ಲೆಲ್ಲ ಒಣಗಿದ ಮೇಲೂ ಕೂದಲೆಳೆಯಂಥ ಕಪ್ಪು ಗೆರೆ ಉಳಿದರೆ ಅಲ್ಲಿ ಸೀಳಿದೆ. ಸಾಗಣೆಯಲ್ಲಿ, ಜೋಡಿಸುವಾಗ ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚು ಕೊಳ್ಳಿ. ಉಳಿದದ್ದನ್ನು ಮಾರಬೇಡಿ, ಮುಂದೆ ಬದಲಿಸಲು ಅದೇ ಬಣ್ಣದ ಕಲ್ಲು ಸಿಗುವುದು ಕಷ್ಟ.

ಭಾರದ ಲೆಕ್ಕ ಮೊದಲು

ಟೆರೇಸಿನ ಕೆಲಸಕ್ಕೆ ಕೈ ಹಾಕುವ ಮುನ್ನ ಕಾಗದ ಪೆನ್ನು ಹಿಡಿಯಬೇಕು. ಜನ ಓಡಾಡುವ ಛಾವಣಿ ಚದರ ಮೀಟರಿಗೆ ಸುಮಾರು 150 ಕಿಲೋ ಹೊರುವಂತಿರಬೇಕು ಎಂಬುದು ಭಾರತೀಯ ಮಾನಕ 875ರ ಎರಡನೆಯ ಭಾಗದ ಲೆಕ್ಕ. ಜನ, ಕುರ್ಚಿ, ಕುಂಡ ಎಲ್ಲಕ್ಕೂ ಸೇರಿ ಇಷ್ಟು. ನೆಲದ ಮೇಲಿನ ವಾಟರ್‌ಪ್ರೂಫಿಂಗ್ ಪದರ, ಟೈಲ್ಸಿನ ಭಾರವನ್ನು ಇಂಜಿನಿಯರು ಬೇರೆಯಾಗಿ ಹಿಡಿದಿರುತ್ತಾರೆ, ಆದರೆ ಆ ಪಾಲು ಈಗಾಗಲೇ ಮುಗಿದಿದೆ. ಇನ್ನು ನೀವು ಹೇರುವುದೆಲ್ಲ ಈ 150ರಿಂದಲೇ ಕಳೆಯುತ್ತದೆ.

ಸುಣ್ಣಕಲ್ಲು ಘನ ಮೀಟರಿಗೆ ಸುಮಾರು 2700 ಕಿಲೋ ತೂಗುತ್ತದೆ. 30 ಮಿಲಿಮೀಟರ್ ದಪ್ಪದ ಕಲ್ಲು ಹಾಸಿದರೆ ಚದರ ಮೀಟರಿಗೆ 80 ಕಿಲೋ. ಅದರ ಕೆಳಗೆ ಎರಡಿಂಚು ಸಿಮೆಂಟು ಗಾರೆ ಹಾಕಿದರೆ ಇನ್ನೊಂದು ನೂರು ಕಿಲೋ. ಅಂದರೆ ಒಬ್ಬ ಮನುಷ್ಯ ಕಾಲಿಡುವ ಮೊದಲೇ ಮಿತಿ ದಾಟಿತು. ಗಾರೆ ಬಿಟ್ಟು ಕಲ್ಲನ್ನು ಪೆಡೆಸ್ಟಲ್ ಎಂಬ ಪ್ಲಾಸ್ಟಿಕ್ ಪೀಠಗಳ ಮೇಲೆ ಕೂರಿಸಿದರೆ ಅರ್ಧಕ್ಕಿಂತ ಹೆಚ್ಚು ಭಾರ ಇಳಿಯುತ್ತದೆ. ಜೊತೆಗೆ ಒಂದು ಭಾಗಕ್ಕೆ ಮರ ಹಾಕಿದರೆ ಇನ್ನೂ ಹಗುರ. ಹಾಗಿದ್ದರೂ ಕಟ್ಟಡದ ಸ್ಟ್ರಕ್ಚರಲ್ ಇಂಜಿನಿಯರನ್ನು ಕೇಳದೆ ಮುಂದುವರಿಯಬೇಡಿ, ಸೊಸೈಟಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕೆಳಗೆ ಗೋಡೆಯಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಿರುವ ಬಾಲ್ಕನಿಗೆ ಕಲ್ಲು ಬೇಡವೇ ಬೇಡ; ಅಲ್ಲಿ ಮರದ ಟೈಲು ಮಾತ್ರ.

ಇನ್ನೊಂದು ಅಳತೆ ಎಲ್ಲರೂ ಮರೆಯುವಂಥದ್ದು. ಡೆಕ್ ನಾಲ್ಕಿಂಚು ಎತ್ತರಿಸಿದರೆ ಅಂಚಿನ ಗೋಡೆ ನಾಲ್ಕಿಂಚು ಗಿಡ್ಡವಾದಂತೆ. ಟೆರೇಸಿನ ಪ್ಯಾರಾಪೆಟ್ ಒಂದು ಮೀಟರಿಗಿಂತ ಕಡಿಮೆ ಇರಬಾರದು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಹೊಸ ನೆಲದಿಂದ ಅಳೆದು ನೋಡಿ, ಕಡಿಮೆಯಾದರೆ ಮೇಲೆ ಕಬ್ಬಿಣದ ಕಂಬಿ ಹಾಕಿಸಿ. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಾಜಿಯಿಲ್ಲ. ಬಾಗಿಲ ಹೊಸ್ತಿಲೂ ಡೆಕ್ಕಿಗಿಂತ ಎರಡಿಂಚಾದರೂ ಮೇಲಿರಬೇಕು, ಇಲ್ಲದಿದ್ದರೆ ಜುಲೈ ತಿಂಗಳ ಮಳೆ ಹಾಲಿಗೇ ಬರುತ್ತದೆ.

ಟೆರೇಸಿನ ಮೇಲೆ

ಪುಣೆಯ ಬಹುಪಾಲು ಟೆರೇಸುಗಳ ವಾಟರ್‌ಪ್ರೂಫಿಂಗ್ ಬ್ರಿಕ್ ಬ್ಯಾಟ್ ಕೋಬಾ. ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರುಗಳನ್ನು ಗಾರೆಯಲ್ಲಿ ಕೂರಿಸಿ, ನೀರು ಹೋಗುವ ಮೂಲೆಯ ಕಡೆಗೆ ಇಳಿಜಾರು ಕೊಟ್ಟು, ಮೇಲೆ ಗಿಲಾವು ಮಾಡಿರುತ್ತಾರೆ. ಈ ಕೋಬಾಕ್ಕೆ ಒಂದು ಮೊಳೆಯನ್ನೂ ಹೊಡೆಯಬಾರದು. ಡೆಕ್ ಪೂರ್ತಿ ತನ್ನ ಭಾರದಲ್ಲೇ ಕೂತಿರಬೇಕು.

ಕೆಲಸಕ್ಕೆ ಸರಿಯಾದ ಕಾಲ ದೀಪಾವಳಿಯಿಂದ ಹೋಳಿಯವರೆಗೆ. ಆದರೆ ತಯಾರಿ ಶುರುವಾಗಬೇಕಾದ್ದು ಮಳೆಯಲ್ಲೇ. ಸೆಪ್ಟೆಂಬರಿನಲ್ಲಿ ಒಂದು ಜೋರು ಮಳೆ ನಿಂತ ಅರ್ಧ ಗಂಟೆಗೆ ಸೀಮೆಸುಣ್ಣ ಹಿಡಿದು ಟೆರೇಸಿಗೆ ಹೋಗಿ, ನೀರು ನಿಂತ ಜಾಗಗಳ ಸುತ್ತ ಗೆರೆ ಎಳೆದು ಫೋಟೋ ತೆಗೆದುಕೊಳ್ಳಿ. ಅಷ್ಟೂ ತಗ್ಗುಗಳನ್ನು ಡೆಕ್ ಹಾಕುವ ಮೊದಲೇ ತುಂಬಿಸಬೇಕು. ಮುಚ್ಚಿದ ನೆಲದ ಕೆಳಗೆ ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ, ಪುಣೆಯಲ್ಲಿ ಮಳೆಗಾಲ ಡೆಂಗಿಯ ಕಾಲವೂ ಹೌದು. ಆಮೇಲೆ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ಎರಡಿಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಕೆಳಗಿನ ಮನೆಯವರನ್ನೂ ಕರೆದು ಅವರ ಸೀಲಿಂಗನ್ನು ಒಟ್ಟಿಗೆ ನೋಡಿ. ಒದ್ದೆ ಕಂಡರೆ ಮೊದಲು ಅದರ ರಿಪೇರಿ, ಆಮೇಲೆ ಡೆಕ್.

ಹನ್ನೆರಡಡಿ ಉದ್ದ ಹತ್ತಡಿ ಅಗಲದ ಜಾಗ ಎಂದಿಟ್ಟುಕೊಳ್ಳಿ. ಎರಡಡಿ ಚೌಕದ ತುಂಡುಗಳಾದರೆ ಆರು ಐದಲೆ ಮೂವತ್ತು. ಬಾಗಿಲ ಹತ್ತಿರದ ಎಂಟಡಿ ಆರಡಿ ಜಾಗಕ್ಕೆ ಮರದ ಹನ್ನೆರಡು, ಸುತ್ತ ಕಲ್ಲಿನ ಹದಿನೆಂಟು. ಮರ ಒಳಗೆ, ಕಲ್ಲು ಹೊರಗೆ ಇರಲಿ ಎನ್ನುವುದಕ್ಕೆ ಕಾರಣವಿದೆ. ಮೇ ತಿಂಗಳ ಗುಡುಗು ಮಳೆಯ ಮುಂಚಿನ ಬಿರುಗಾಳಿ ಅಂಚಿನಲ್ಲಿ ಹೆಚ್ಚು ಜೋರಾಗಿ ಎತ್ತುತ್ತದೆ. ಮೇಲಿನ ಮಹಡಿಗಳಲ್ಲಿ ಹಗುರ ಹಲಗೆ ಹಾರಿ ಕೆಳಗೆ ಬಿದ್ದರೆ ಅನಾಹುತ. ಎರಡಡಿಯ 30 ಮಿಲಿಮೀಟರ್ ಕಲ್ಲು ಒಂದೊಂದು ಮೂವತ್ತು ಕಿಲೋ, ಅದು ಅಲುಗುವುದಿಲ್ಲ. ಮರದ ತುಂಡುಗಳನ್ನಂತೂ ಒಂದಕ್ಕೊಂದು ಕ್ಲಿಪ್ಪಿನಿಂದ ಹಿಡಿಸಬೇಕು. ಕಲ್ಲು 540 ಕಿಲೋ, ಮರ ತುಂಡಿಗೆ ಹತ್ತರಂತೆ 120; ಒಟ್ಟು 660. ಚದರ ಮೀಟರಿಗೆ ಸರಾಸರಿ 60 ಕಿಲೋ ಬಂತು.

ಪೆಡೆಸ್ಟಲ್ ಎಂದರೆ ತಿರುಪಿನಂತೆ ತಿರುಗಿಸಿ ಎತ್ತರ ಹೊಂದಿಸುವ ಪ್ಲಾಸ್ಟಿಕ್ ಪೀಠ. ಅದರ ತಲೆಯ ಮೇಲೆ ನಾಲ್ಕು ತುಂಡುಗಳ ಮೂಲೆಗಳು ಸೇರುತ್ತವೆ, ನಡುವಿನ ಗೂಟ 3 ಮಿಲಿಮೀಟರ್ ಸಂದು ಬಿಡಿಸುತ್ತದೆ. ಮೇಲಿನ ಲೆಕ್ಕಕ್ಕೆ ಮೂಲೆಗಳಿಗೆ 42 ಬೇಕು. ಶಹಾಬಾದಿ ಕಲ್ಲನ್ನು ಬರಿ ನಾಲ್ಕು ಮೂಲೆಗಳ ಮೇಲೆ ನಿಲ್ಲಿಸಬೇಡಿ. ಪದರದ ಕಲ್ಲು ನಡುವೆ ಜೋರಾಗಿ ತುಳಿದರೆ ಮುರಿಯಬಹುದು. ಪ್ರತಿ ಕಲ್ಲಿನ ಹೊಟ್ಟೆಗೊಂದು ಐದನೆಯ ಪೆಡೆಸ್ಟಲ್ ಕೊಡಿ. ಆಗ ಒಟ್ಟು 60. ಅಂಗಡಿಯವರು ಇದು ಬೇಡ ಎಂದರೂ ಕೇಳಬೇಡಿ. ಪೀಠದ ಕೆಳಗೆ ಕೋಬಾ ಗೀಚದಂತೆ ಒಂದು ರಬ್ಬರ್ ತುಂಡು ಇಡಬೇಕು.

ಜೋಡಿಸುವಾಗ ಎತ್ತರದ ಮೂಲೆಯಿಂದ ಶುರು ಮಾಡಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ನಾಲ್ಕೂ ಮೂಲೆಗಳ ಮಟ್ಟವನ್ನು ಗೋಡೆಯ ಮೇಲೆ ಗುರುತಿಸಿ, ದಾರ ಕಟ್ಟಿ. ಮೂಲೆ ಚೌಕವಾಗಿದೆಯೇ ಎಂದು ನೋಡಲು ಒಂದು ಗೋಡೆಗುಂಟ ಆರಡಿ, ಇನ್ನೊಂದರ ಗುಂಟ ಎಂಟಡಿ ಗುರುತು ಮಾಡಿ ಓರೆ ಅಳೆಯಿರಿ; ಸರಿಯಾಗಿ ಹತ್ತಡಿ ಬರಬೇಕು. ಬಿಲ್ಡರ್ ಕಟ್ಟಿದ ಗೋಡೆ ಇಷ್ಟು ನೇರ ಇರುವುದು ಅಪರೂಪ. ಓರೆಕೋರೆಯನ್ನು ಗೋಡೆಯಂಚಿನ ಸಂದಿನಲ್ಲಿ ಸರಿದೂಗಿಸಿ, ಅಲ್ಲಿ ಅರ್ಧ ಇಂಚು ಹೇಗೂ ಬಿಡಬೇಕು. ಆ ಸಂದಿನಲ್ಲಿ ಸಿಮೆಂಟು ತುಂಬಬಾರದು. ಪ್ರತಿ ಕಲ್ಲಿನ ಮೇಲೂ ರಸಮಟ್ಟ ಇಟ್ಟು, ನಾಲ್ಕೂ ಮೂಲೆ ತುಳಿದು ನೋಡಿ. ಸ್ವಲ್ಪ ಅಲುಗಿದರೂ ಎತ್ತಿ ಪೀಠ ತಿರುಗಿಸಿ ಮತ್ತೆ ಇಡಿ. ಮೇಲಿನ ನೆಲ ಸಮತಟ್ಟು, ಕೆಳಗಿನ ಕೋಬಾ ಇಳಿಜಾರು. ನೀರು ಸಂದುಗಳಿಂದ ಇಳಿದು ತನ್ನ ದಾರಿ ಹಿಡಿಯುತ್ತದೆ. ಡೆಕ್ ಕೆಳಗೆ ಎರಡಿಂಚಾದರೂ ಖಾಲಿ ಇರಲಿ, ತೊಳೆಯಲು ನೀರಿನ ಪೈಪು ಒಳಗೆ ಹೋಗಬೇಕಲ್ಲ. ನೀರು ಹೋಗುವ ತೂತಿನ ಮೇಲೆ ಮಾತ್ರ ಕಲ್ಲು ಬೇಡ, ಹಗುರ ಮರದ ತುಂಡು ಇಡಿ, ಕ್ಲಿಪ್ಪು ಬಿಚ್ಚಿ ಒಬ್ಬರೇ ಎತ್ತುವಂತೆ.

ಮಣ್ಣು ತುಂಬಿದ ದೊಡ್ಡ ಕುಂಡ ಒದ್ದೆಯಾದಾಗ ನೂರು ಕಿಲೋ ದಾಟುತ್ತದೆ. ಅಂಥವು ಗೋಡೆ, ತೊಲೆ ಇರುವ ಕಡೆ ಮಾತ್ರ ಇರಲಿ, ನಡುವೆ ಬೇಡ.

ಮರದ ತುಂಡು

ಪುಣೆಯ ಹಳೆಯ ವಾಡೆಗಳು ಕಲ್ಲಿನ ಜಗತಿಯ ಮೇಲೆ ಸಾಗವಾನಿಯನ್ನು ನಿಲ್ಲಿಸಿದ್ದವು. 1732ರಲ್ಲಿ ಮುಗಿದ ಶನಿವಾರ ವಾಡೆಯ ಮರದ ಭಾಗ 1828ರ ಬೆಂಕಿಯಲ್ಲಿ ಹೋಯಿತು. ಕಲ್ಲಿನ ಕೋಟೆಗೋಡೆ, ಜಗತಿಗಳು ಇಂದಿಗೂ ಇವೆ. ಮರ ನೆಲದ ನೀರಿನಿಂದ ಮೇಲಿರಬೇಕು ಎಂಬ ಆ ಕಟ್ಟುಗಾರರ ತಿಳಿವಳಿಕೆ ಡೆಕ್ಕಿಗೂ ಸಾಕು. ವಾಡೆ ಕೆಡವಿದಾಗ ಹೊರಬರುವ ಹಳೆಯ ಸಾಗವಾನಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ನೂರು ವರ್ಷ ಒಣಗಿದ ಮರ ಇನ್ನು ಸುಲಭಕ್ಕೆ ಸೊಟ್ಟಗಾಗುವುದಿಲ್ಲ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ವಿಚಾರಿಸಿ. ಸೀಳಿಸುವ ಮೊದಲು ಹಳೆಯ ಮೊಳೆಗಳನ್ನೆಲ್ಲ ಕೀಳಿಸಬೇಕು.

ಒಂದು ತುಂಡಿಗೆ 95 ಮಿಲಿಮೀಟರ್ ಅಗಲದ ಆರು ಪಟ್ಟಿ, ನಡುನಡುವೆ 6 ಮಿಲಿಮೀಟರ್ ಸಂದು. ಕೂಡಿದರೆ 600 ಮಿಲಿಮೀಟರ್, ಹತ್ತಿರ ಹತ್ತಿರ ಎರಡಡಿ. ಕಲ್ಲನ್ನೂ ಇದೇ 600ಕ್ಕೆ ಕತ್ತರಿಸಲು ಹೇಳಿದರೆ ಯಾವ ತುಂಡನ್ನು ಎಲ್ಲಿ ಬೇಕಾದರೂ ಇಡಬಹುದು. ಕೆಳಗೆ ಮೂರು ಅಡ್ಡಪಟ್ಟಿ, 304 ದರ್ಜೆಯ ಸ್ಟೇನ್‌ಲೆಸ್ ತಿರುಪು. ಸಾದಾ ಕಬ್ಬಿಣದ ಮೊಳೆ ಸಾಗವಾನಿಯಲ್ಲಿ ಕಪ್ಪು ಕಲೆ ಬಿಡುತ್ತದೆ. ಮರ ನೀರು ಕುಡಿಯುವುದು ಕೊಯ್ದ ತುದಿಯಿಂದ, ಆದ್ದರಿಂದ ಜೋಡಿಸುವ ಮೊದಲು ಪ್ರತಿ ಪಟ್ಟಿಯ ಎರಡೂ ತುದಿಗೆ ಎಣ್ಣೆ ಚೆನ್ನಾಗಿ ಕುಡಿಸಿ. ವಾರ್ನಿಶ್ ಹಚ್ಚಬೇಡಿ, ಬಿಸಿಲಿಗೆ ಸುಲಿಯುತ್ತದೆ.

ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯೂಪಿಸಿ ಹಲಗೆಗೆ ಎಣ್ಣೆ ಬೇಡ, ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಆದರೆ ಬಿಸಿಲಿಗೆ ಮರಕ್ಕಿಂತ ಹೆಚ್ಚು ಕಾಯುತ್ತದೆ, ಹಿಗ್ಗುತ್ತದೆ. ಹಿಂಜವಡಿಯಲ್ಲೋ ಖರಾಡಿಯಲ್ಲೋ ಬಾಡಿಗೆ ಮನೆಯಲ್ಲಿರುವ ಹುಡುಗ ಹುಡುಗಿಯರು ಇಷ್ಟೆಲ್ಲ ಮಾಡಬೇಕಿಲ್ಲ. ಪ್ಲಾಸ್ಟಿಕ್ ಜಾಲರಿಯ ಮೇಲೆ ಮರದ ಪಟ್ಟಿ ಕೂರಿಸಿದ ಒಂದಡಿಯ ಟೈಲುಗಳು ಸಿಗುತ್ತವೆ, ಕೈಯಲ್ಲೇ ಒತ್ತಿ ಜೋಡಿಸಿ, ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದು. ಬಿಸಿಲಿಗೆ ಜಾಲರಿ ಕ್ರಮೇಣ ಪುಡಿಪುಡಿಯಾಗುತ್ತದೆ. ಬಾಡಿಗೆ ಮನೆಯಲ್ಲಿರುವಷ್ಟು ಕಾಲ ಬಾಳಿದರೆ ಸಾಕು.

ಹಿತ್ತಲಿನ ನೆಲದಲ್ಲಿ

ರೋ ಹೌಸು, ಬಂಗಲೆ ಇರುವವರಿಗೆ ಭಾರದ ಚಿಂತೆಯಿಲ್ಲ, ಮಣ್ಣಿನ ಚಿಂತೆ. ನದಿ, ನಾಲೆಗಳ ಬದಿಯ ಬಡಾವಣೆಗಳಲ್ಲಿ ಎರೆ ಮಣ್ಣು. ಧಾರವಾಡ, ಗದಗ ಕಡೆಯವರಿಗೆ ಅದರ ಗುಣ ಹೇಳಬೇಕಿಲ್ಲ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ಕಲ್ಲು ಮೊದಲ ವರ್ಷವೇ ಎದ್ದು ಕೂರುತ್ತದೆ. ಒಂದಡಿ ಅಗೆದು ಎರೆ ಮಣ್ಣು ತೆಗೆದು, ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಇದು ಎರೆ ಮಣ್ಣು ಮೇಲೇರಿ ಮೇಲಿನ ಪದರಗಳಲ್ಲಿ ಬೆರೆಯದಂತೆ ತಡೆಯುತ್ತದೆ. ಮೇಲೆ ಆರಿಂಚು ಮುರುಮು, ಎರಡು ಪದರವಾಗಿ, ನೀರು ಚಿಮುಕಿಸಿ ಯಂತ್ರದಲ್ಲಿ ದಮ್ಮಸ್ಸು ಮಾಡಿಸಿ. ಅದರ ಮೇಲೆ ಮೂರಿಂಚು ಜಲ್ಲಿ, ಒಂದೂವರೆ ಇಂಚು ಕ್ರಶ್ ಸ್ಯಾಂಡ್, ಕೊನೆಗೆ ಕಲ್ಲು. ಗುಡ್ಡದ ಇಳಿಜಾರಿನ ಬಡಾವಣೆಗಳಲ್ಲಿ ಅಗೆದರೆ ಮುರುಮೇ ಸಿಗುತ್ತದೆ, ಅಲ್ಲಿ ಅರ್ಧ ಅಗೆತ ಸಾಕು.

ಮುರುಮು ತರಿಸುವಾಗ ರಾಯಲ್ಟಿ ಕಟ್ಟಿದ ರಸೀದಿ ಕೇಳಿ. ಪುಣೆಯ ಸುತ್ತಲ ಗುಡ್ಡಗಳನ್ನು ಕದ್ದು ಅಗೆದು ಬೋಳಿಸುತ್ತಿರುವುದು ಕಣ್ಣಿಗೆ ಕಾಣುವ ಸಂಗತಿ. ನಮ್ಮ ಹಿತ್ತಲಿನ ಚೆಂದಕ್ಕೆ ಅದರಲ್ಲಿ ಪಾಲು ಬೇಡ.

ಇಳಿಜಾರು ಮನೆಯಿಂದ ಹೊರಕ್ಕೆ, ಹತ್ತಡಿಗೆ ಒಂದೂವರೆ ಇಂಚು. ಸಿಮೆಂಟು ಬೇಕಾಗುವ ಒಂದೇ ಕಡೆ ಸುತ್ತಲಿನ ಅಂಚು. ಅಲ್ಲಿ ಉದ್ದ ಕಲ್ಲುಗಳನ್ನು ಕಾಂಕ್ರೀಟಿನಲ್ಲಿ ಗಟ್ಟಿಯಾಗಿ ನಿಲ್ಲಿಸಿದರೆ ಒಳಗಿನ ಮರಳು ಮಳೆಗೆ ಕೊಚ್ಚಿಹೋಗದು. ಕಲ್ಲನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿ, ಸಂದುಗಳಿಗೆ ಒಣ ಮರಳು ಗುಡಿಸಿ ತುಂಬಿ. ಪುಣೆಗೆ ವರ್ಷಕ್ಕೆ ಬೀಳುವ ಸುಮಾರು 700 ಮಿಲಿಮೀಟರ್ ಮಳೆಯ ಬಹುಪಾಲು ಜೂನ್–ಸೆಪ್ಟೆಂಬರಿನಲ್ಲೇ ಸುರಿಯುತ್ತದೆ. ತೆರೆದ ಸಂದಿನ ಮೂಲಕ ಅದರಲ್ಲೊಂದಿಷ್ಟು ನೆಲಕ್ಕೆ ಇಂಗುವುದು ಬೋರ್‌ವೆಲ್ಲಿಗೂ ಒಳ್ಳೆಯದು. ಇಲ್ಲಿ ಮರದ ತುಂಡುಗಳು ಮಣ್ಣಿಗೆ ತಾಗದಂತೆ ಕಲ್ಲಿನ ದಿಮ್ಮಿಗಳ ಮೇಲೆ ನಾಲ್ಕಿಂಚು ಎತ್ತರದಲ್ಲಿರಲಿ, ಕೆಳಗೆ ಗಾಳಿಯಾಡಲಿ. ಗೆದ್ದಲಿನ ಮಣ್ಣು ದಾರಿ ಹತ್ತುತ್ತಿದ್ದರೆ ಬಗ್ಗಿ ನೋಡಿದಾಗ ಕಾಣಬೇಕು.

ಆರೈಕೆ ಹೆಚ್ಚಿಲ್ಲ. ಮೇ ಕೊನೆಯ ವಾರ ನಾಲ್ಕಾರು ತುಂಡು ಎತ್ತಿ ಕೆಳಗಿನ ಎಲೆ, ಮಣ್ಣು ತೊಳೆದುಬಿಡಿ. ದೀಪಾವಳಿಗೆ ಮರಕ್ಕೆ ಒಮ್ಮೆ ಎಣ್ಣೆ. ಕಲ್ಲಿನ ಮೇಲೆ ಪಾಚಿ ಕಟ್ಟಿದರೆ ತೆಂಗಿನ ನಾರಿನ ಬ್ರಷ್ಷು, ಸೋಪಿನ ನೀರು. ಟಾಯ್ಲೆಟ್ ತೊಳೆಯುವ ಆ್ಯಸಿಡ್ಡನ್ನು ಸುಣ್ಣಕಲ್ಲಿಗೆ ಹಾಕಲೇಬಾರದು, ಬುರುಗು ಬಂದು ಮೈ ತಿಂದುಹೋಗುತ್ತದೆ. ನಿಂಬೆ ಹಣ್ಣಿನ ರಸ ಚೆಲ್ಲಿದರೂ ಕೂಡಲೇ ತೊಳೆಯಿರಿ.

ಗುತ್ತಿಗೆದಾರರಿಗೆ ಕೊನೆಯ ಕಂತು ಕೊಡುವ ಮುನ್ನ ಎರಡು ಕೆಲಸ ಮಾಡಿಸಿ. ನೀವು ಬೆರಳು ತೋರಿಸಿದ ಯಾವುದೇ ಕಲ್ಲನ್ನು ಅವರ ಇಬ್ಬರು ಆಳುಗಳು ಏನನ್ನೂ ಒಡೆಯದೆ ಎತ್ತಿ ಮತ್ತೆ ಕೂರಿಸಬೇಕು. ದೂರದ ಮೂಲೆಗೆ ಸುರಿದ ಎರಡು ಬಕೆಟ್ ನೀರು ತಡೆಯಿಲ್ಲದೆ ಹೊರಬಿದ್ದದ್ದು ಕಾಣಬೇಕು. ಎರಡೂ ಆದ ಮೇಲೆಯೇ ಹಣ ಕೊಡಿ.